ಸತ್ರೆ ಸಾಕು

ಮಧ್ಯಾಹ್ನ ಎರಡೂವರೆಗೆ ಸಿನಿಮಾ. ವಿಮಾ ಏಜೆಂಟ ಹನ್ನೊಂದಕ್ಕೇ ಇಸ್ತ್ರಿ ಅಂಗಿ ತೊಟ್ಟು ಮದುವೆ ಗಂಡಿನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಎಪ್ಪತ್ತೆರಡು ವರ್ಷದ ಈ ಮನುಷ್ಯನಿಗೆ ಇವತ್ತು ಸನ್ಮಾನ. ಅವನೇನೂ ದೊಡ್ಡ ನಟನಲ್ಲ. ನಲವತ್ತೊಂದು ವರ್ಷದ ಹಿಂದಿನ ಆ ನಗೆಚಿತ್ರದಲ್ಲಿ ಮುಖ ತೋರಿಸಿದವರಲ್ಲಿ ಇನ್ನೂ ಉಸಿರಾಡುತ್ತಿರುವವನು ಇವನೊಬ್ಬನೇ, ಅಷ್ಟೇ. ಅದರಲ್ಲಿ ವಿಮೆಯ ದುಡ್ಡಿಗಾಗಿ ಕೊಲ್ಲಲು ಹೊರಟವರು ಹೋದರು, ಏನು ಮಾಡಿದರೂ ಸಾಯದವನೂ ಹೋದ, ಪಾಲಿಸಿ ಮಾಡಿಸಿದವನು ಮಾತ್ರ ಉಳಿದ.

ಖುಷಿಪಡಬೇಕಾದ ದಿನವೇ. ಆದರೆ ಬೆಳಿಗ್ಗೆ ಅಕ್ಕನ ಮಗಳ ಫೋನು ಬಂತು.

"ಮಾವ, ಅಮ್ಮನೂ ಬರ್ತಾಳಂತೆ."

"ಯಾಕೆ?"

"ಯಾಕೆ ಅಂದ್ರೆ? ತಮ್ಮನ ಸಿನಿಮಾ ಅಲ್ವಾ! ಅದೂ ಅಲ್ದೆ, ಅಪ್ಪ ಬರೆದ ಬ್ಯಾನರಿಂದು ಒಂದು ಫೋಟೋ ಸಿಕ್ಕಿದೆಯಂತೆ, ಅಲ್ಲಿ ಇಟ್ಟಿದಾರಂತೆ. ಅದನ್ನ ನೋಡ್ಬೇಕು ಅಂತ ನಿನ್ನೆಯಿಂದ ಒಂದೇ ಸಮನೆ ಹಟ."

ಅಕ್ಕ ಆ ಸಿನಿಮಾವನ್ನು ಈವರೆಗೆ ನೋಡಿರಲಿಲ್ಲ. ಬಿಡುಗಡೆಯಾದಾಗ ಮಕ್ಕಳು ಸಣ್ಣವರೆಂದು ತಪ್ಪಿತ್ತು, ಆಮೇಲೆ ಅವಳೇ ಹೋಗಲಿಲ್ಲ. ನೋಡದಿದ್ದರೇ ಒಳ್ಳೆಯದು ಅಂತ ಏಜೆಂಟ ನಲವತ್ತೊಂದು ವರ್ಷ ಸುಮ್ಮನಿದ್ದ. ಫೋನು ಇಟ್ಟವನು ಬೀರು ತೆಗೆದು, ಹಳೆಯ ಡೈರಿಗಳ ಅಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ನಾಲ್ಕು ಮಡಿಕೆಯ ಕಾಗದವೊಂದನ್ನು ಎಳೆದು ಜೇಬಿಗೆ ಹಾಕಿಕೊಂಡ. ಅಕ್ಕನಿಗೆ ಕೊಡಲಿಕ್ಕೋ, ಮತ್ತೆ ಮನೆಗೆ ತಂದಿಡಲಿಕ್ಕೋ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಸಿನಿಮಾದ ಕತೆ ಇಷ್ಟೇ. ಒಂದು ಲಾಡ್ಜು. ಅದರ ಯಜಮಾನ, ಅವನ ಹೆಂಡತಿ, ಹೆಂಡತಿಯ ತಮ್ಮ, ಈ ಮೂವರೂ ಸೇರಿ ಹಿಂದಿಲ್ಲ ಮುಂದಿಲ್ಲದ ಬಡಕಲು ಬಾಡಿಗೆದಾರನೊಬ್ಬನಿಂದ ಪಾಲಿಸಿ ಮಾಡಿಸಿ ಅವನನ್ನು ಮುಗಿಸಲು ನೋಡುತ್ತಾರೆ. ಮೆಟ್ಟಿಲಿಗೆ ಎಣ್ಣೆ ಸುರಿದರೆ ಯಜಮಾನನೇ ಜಾರಿ ಸೊಂಟ ಮುರಿದುಕೊಳ್ಳುತ್ತಾನೆ. ಹಾಲಿಗೆ ನಿದ್ದೆಮಾತ್ರೆ ಬೆರೆಸಿದರೆ ಲೋಟ ಅದಲುಬದಲಾಗಿ ಮೂವರೂ ಎರಡು ದಿನ ಗೊರಕೆ ಹೊಡೆಯುತ್ತಾರೆ, ಬಾಡಿಗೆದಾರ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಾನೆ. ತನ್ನ ಆರೋಗ್ಯವನ್ನು ಇಷ್ಟೊಂದು ವಿಚಾರಿಸಿಕೊಂಡವರು ಹುಟ್ಟಿದಾಗಿನಿಂದ ಯಾರೂ ಇರಲಿಲ್ಲವೆಂದು ಅವನು ಸಂತೋಷದಿಂದ ದಿನೇ ದಿನೇ ದುಂಡಗಾಗುತ್ತ ಹೋಗುತ್ತಾನೆ. ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಇದರಲ್ಲಿ ನಮ್ಮ ಏಜೆಂಟ ಬಂದು ಸೇರಿದ್ದು ಆಕಸ್ಮಿಕ. ಅವನಿದ್ದ ವಿಮಾ ಕಚೇರಿಯನ್ನು ಒಂದು ಭಾನುವಾರದ ಶೂಟಿಂಗಿಗೆ ಬಾಡಿಗೆಗೆ ಕೊಟ್ಟಿದ್ದರು. ಬೀಗದ ಕೈ ಹಿಡಿದು ಬಾಗಿಲು ಕಾಯಲು ಇವನು ಬಂದಿದ್ದ. ಏಜೆಂಟನ ಪಾರ್ಟು ಮಾಡಬೇಕಿದ್ದ ನಟನಿಗೆ ಕೆಪ್ಪಟೆಬಾವು ಬಂದು ಮುಖ ಕುಂಬಳಕಾಯಿಯಾಗಿತ್ತು. ನಿರ್ದೇಶಕರು ಇವನನ್ನು ಮೇಲಿಂದ ಕೆಳಗೆ ನೋಡಿ, "ನೀವು ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ ಸಾಕು" ಅಂದರು.

ಅವನು ದಿನಾ ಮಾಡುತ್ತಿದ್ದುದಕ್ಕೆ ಎರಡು ನಿಯಮಗಳಿದ್ದವು. ಕಸುಬು ಕಲಿಸಿದ ಹಿರಿಯರು ಹೇಳಿಕೊಟ್ಟದ್ದು. ಒಂದು, ಫಾರಂ ಎಲ್ಲಾ ನೀನೇ ತುಂಬು, ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕು, ನಿನ್ನ ಪೆನ್ನನ್ನೇ ಮುಚ್ಚಳ ತೆಗೆದು ಗಿರಾಕಿಯ ಕೈಗೆ ಕೊಡು. ಪೆನ್ನು ಹುಡುಕಲು ಎದ್ದವನು ಪೆನ್ನಿನ ಜೊತೆ ಒಂದು ನೆಪವನ್ನೂ ಹುಡುಕಿಕೊಂಡು ಬರುತ್ತಾನೆ. ಎರಡು, ಗಿರಾಕಿಯ ಕೈಗೆ ಪೆನ್ನು ಹೋದ ಮೇಲೆ ನಿನ್ನ ಬಾಯಿಗೆ ಬೀಗ. ಆಮೇಲೆ ಆಡುವ ಒಂದೊಂದು ಮಾತೂ ನಷ್ಟ.

ಕ್ಯಾಮೆರಾ ತಿರುಗಿತು. ಬಡಕಲು ಬಾಡಿಗೆದಾರನ ಕೈಗೆ ಪೆನ್ನು ಕೊಟ್ಟ ಏಜೆಂಟ ನಿಯಮದಂತೆ ಬಾಯಿಗೆ ಬೀಗ ಹಾಕಿ ನಿಂತುಬಿಟ್ಟ. ಕಾಗದದ ಮೇಲೆ ಅವನಿಗೆ ಒಂದೂವರೆ ಪುಟ ಮಾತು ಬರೆದಿಟ್ಟಿದ್ದರು, ಒಂದಕ್ಷರವೂ ಹೊರಡಲಿಲ್ಲ. ಕ್ಯಾಮೆರಾ ಹಿಂದಿನಿಂದ ನಿರ್ದೇಶಕರು ಮಾತಾಡು ಮಾತಾಡು ಅಂತ ಕೈಯಾಡಿಸಿದರು. ಏಜೆಂಟ ಗಾಬರಿಯಲ್ಲಿ ಬಾಡಿಗೆದಾರನ ಕೈಯಿಂದ ಪೆನ್ನು ಕಿತ್ತುಕೊಂಡು, ಒಮ್ಮೆ ಜಾಡಿಸಿ, ಮತ್ತೆ ಅವನ ಕೈಗಿಟ್ಟು, "ಏನೂ ಯೋಚ್ನೆ ಮಾಡ್ಬೇಡಿ ಸಾರ್. ನೀವು ಸತ್ರೆ ಸಾಕು, ಮಿಕ್ಕಿದ್ದೆಲ್ಲ ನಾವು ನೋಡ್ಕೋತೀವಿ" ಅಂದುಬಿಟ್ಟ.

ಲೈಟು ಹಿಡಿದವನು ಬಿದ್ದು ಬಿದ್ದು ನಕ್ಕ. ನಿರ್ದೇಶಕರು ಎದ್ದು ಬಂದು ತಬ್ಬಿಕೊಂಡರು. ಸಿನಿಮಾ ಬಿಡುಗಡೆಯಾದ ವಾರದಲ್ಲಿ ಆ ಮಾತು ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಶಾಲೆಯ ಅಂಗಳದಲ್ಲಿ ಓಡಾಡತೊಡಗಿತು. ಏಜೆಂಟ ರಸ್ತೆಗಿಳಿದರೆ "ಸತ್ರೆಸಾಕು ಬಂದ!" ಅನ್ನುವರು. ಅವನ ಕಾಲು ನೆಲಕ್ಕೆ ತಾಗಲಿಲ್ಲ. ಫಾರಂ ಹಿಡಿದು ಹೋದ ಮನೆಯಲ್ಲೆಲ್ಲ ಜನ ಆ ಮಾತು ಹೇಳಿಸಿಕೊಂಡು, ನಕ್ಕು, ಕಾಫಿ ಕುಡಿಸಿ, ಸಹಿ ಹಾಕದೆ ಕಳಿಸುತ್ತಿದ್ದರು. ವ್ಯಾಪಾರ ಬಿದ್ದುಹೋಗುತ್ತಿರುವುದು ಅವನ ಗಮನಕ್ಕೂ ಬರಲಿಲ್ಲ. ಹೊಗಳಿಕೆಯಿಂದಲೇ ಹೊಟ್ಟೆ ತುಂಬಿದ ಕಾಲ ಅದು.

ಇವನಿಗಿಂತ ಹೆಚ್ಚು ಹಿಗ್ಗಿದವರು ಭಾವ, ಅಂದರೆ ಅಕ್ಕನ ಗಂಡ. ಭಾವ ಸಿನಿಮಾ ಬ್ಯಾನರ್ ಬರೆಯುತ್ತಿದ್ದರು. ಆ ಸಿನಿಮಾದ ಬ್ಯಾನರನ್ನು ಬರೆದವರೂ ಅವರೇ. ಯಾರೂ ಹೇಳದಿದ್ದರೂ ಬಲಮೂಲೆಯಲ್ಲಿ ಹೆಂಡತಿಯ ತಮ್ಮನ ಮುಖವನ್ನು ಪೆನ್ನಿನ ಸಮೇತ ಬರೆದು ಸೇರಿಸಿದ್ದರು. ಥಿಯೇಟರ್ ಮ್ಯಾನೇಜರು ಬಯ್ದರೆ, "ಹೀರೋಗಿಂತ ಚಿಕ್ಕದಾಗೇ ಬರ್ದಿದೀನಲ್ಲ ಸ್ವಾಮಿ, ಏನೀಗ?" ಅಂದರಂತೆ.

ಅಕ್ಕನಿಗೆ ಮಾತ್ರ ಗಂಡನ ಕೆಲಸದ ಭಯ. ನಾಲ್ಕಾಳು ಎತ್ತರದ ಅಟ್ಟಣೆಯ ಮೇಲೆ ನಿಂತು ಬಣ್ಣ ಬಳಿಯುವವನ ಹೆಂಡತಿಗೆ ಸಂಜೆ ಬಾಗಿಲ ಸದ್ದಾಗುವ ತನಕ ಜೀವ ಕೈಯಲ್ಲಿ. ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಅತ್ತೆಯ ಮನೆಗೆ ಹೊರಟವಳು ತಮ್ಮನ ಕೈ ಹಿಡಿದು ಹೇಳಿದ್ದಳು: "ಊರಿಗೆಲ್ಲ ಪಾಲಿಸಿ ಮಾಡಿಸ್ತೀಯ, ನಿಮ್ಮ ಭಾವಂದು ಒಂದು ಮಾಡಿಸೋ. ನಾನು ಬರೋಷ್ಟರಲ್ಲಿ ಸಹಿ ಆಗಿರ್ಬೇಕು."

ಮರುದಿನ ಸಂಜೆಯೇ ಫಾರಂ ತುಂಬಿಕೊಂಡು ಏಜೆಂಟ ಥಿಯೇಟರಿನ ಹಿಂದಿನ ಅಂಗಳಕ್ಕೆ ಹೋದ. ಭಾವ ಎದ್ದು ಹೋಗಿ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ ತೊಳೆದುಕೊಂಡು ಬಂದರು. ಬೆರಳಿನ ಸಂದಿಯಲ್ಲಿ ನೀಲಿ ಉಳಿದಿತ್ತು, ಮತ್ತೆ ಹೋಗಿ ತೊಳೆದರು. ಕಾಗದಕ್ಕೆ ಹತ್ತಬಾರದೆಂದು ಮೂರನೆಯ ಸಲವೂ ತೊಳೆದು, ಬನಿಯನ್ನಿಗೆ ಒರೆಸಿಕೊಂಡು, ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತರು. ಏಜೆಂಟ ಮುಚ್ಚಳ ತೆಗೆದು ಪೆನ್ನು ಕೊಟ್ಟ. ಭಾವ ಪೆನ್ಸಿಲ್ ಗುರುತಿನ ಮೇಲೆ ಪೆನ್ನು ಊರಿ, ತಲೆಯೆತ್ತಿ ನಕ್ಕರು.

"ಒಂದ್ಸಲ ಆ ಮಾತು ಹೇಳೋ. ಹೇಳು, ಹಾಕ್ತೀನಿ."

ಬಾಯಿಗೆ ಬೀಗ ಬೀಳಬೇಕಿದ್ದ ಹೊತ್ತು. ಆದರೆ ಅಷ್ಟರಲ್ಲಿ ಬಡಗಿ, ಬಣ್ಣ ಕಲಸುವವರು, ಟಿಕೆಟ್ ಹರಿಯುವವನು ಎಲ್ಲರೂ ಸುತ್ತ ನಿಂತಿದ್ದರು. ಏಜೆಂಟ ಭಾವನ ಕೈಯಿಂದ ಪೆನ್ನು ಕಿತ್ತುಕೊಂಡ, ಜಾಡಿಸಿದ, ಮಾತು ಹೇಳಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. ಬಡಗಿ ಇನ್ನೊಂದು ಸಲ ಅಂದ, ಇನ್ನೊಂದು ಸಲ ಆಯಿತು. ಹೊರಗೆ ಕಾರಿನ ಹಾರನ್ನು ಕೂಗಿತು. ಐವತ್ತನೇ ದಿನದ ಸಮಾರಂಭಕ್ಕೆ ಅವನನ್ನು ಕರೆದೊಯ್ಯಲು ಮ್ಯಾನೇಜರು ಕಾರು ಕಳಿಸಿದ್ದರು. ಅವನು ಹುಟ್ಟಿದಾಗಿನಿಂದ ಯಾರೂ ಅವನಿಗಾಗಿ ಕಾರು ಕಳಿಸಿರಲಿಲ್ಲ. ಪೆನ್ನು ಅವನ ಕೈಯಲ್ಲೇ ಇತ್ತು, ಹಾಗೇ ಜೇಬಿಗೆ ಹೋಯಿತು. ಫಾರಂ ಮಡಚಿಕೊಂಡ.

"ನಾಳೆ ಬರ್ತೀನಿ ಭಾವ."

"ಹೋಗು ಹೋಗು, ದೊಡ್ಡ ಮನುಷ್ಯ! ನಾನೇನು ನಾಳೆಗೇ ಸಾಯ್ತೀನಾ?"

ನಾಳೆ ಇನ್ನೊಂದು ಸನ್ಮಾನ ಬಂತು. ಅದರ ಮರುದಿನ ಯಾವುದೋ ಕಾಲೇಜಿನವರು ಕರೆದರು. ಆರನೆಯ ದಿನ ಬೆಳಿಗ್ಗೆ ಅಟ್ಟಣೆಯ ಹಗ್ಗ ಹರಿದು ಭಾವ ಕೆಳಗೆ ಬಿದ್ದರು. ಆಸ್ಪತ್ರೆಗೆ ಒಯ್ಯುವ ಅಗತ್ಯವೂ ಬೀಳಲಿಲ್ಲ.

ಇಲ್ಲಿಯವರೆಗಿನದ್ದನ್ನು ತಪ್ಪು ಅನ್ನಬಹುದು. ತಪ್ಪು ಯಾರು ಮಾಡುವುದಿಲ್ಲ? ಆಮೇಲೆ ಮಾಡಿದ್ದಕ್ಕೆ ಆ ಹೆಸರು ಸಾಲದು. ಮನೆ ತುಂಬ ಜನ ಕೂತಿದ್ದಾಗ ಅಕ್ಕ ಕೆಂಪು ಕಣ್ಣೆತ್ತಿ ಕೇಳಿದಳು: "ಫಾರಂ ಏನಾಯ್ತೋ?" ಇದ್ದದ್ದನ್ನು ಇದ್ದಂತೆ ಹೇಳಿಬಿಡಬೇಕು ಅಂತ ಏಜೆಂಟ ಬಾಯಿ ತೆರೆದ. ಬಡಗಿ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಎಲ್ಲರ ಕಣ್ಣೂ ತನ್ನ ಮೇಲೆ. ಬಾಯಿಂದ ಬಂದದ್ದು ಬೇರೆಯೇ.

"ಭಾವ... ಬೇಡ ಅಂದ್ರು ಅಕ್ಕ."

ಸತ್ತವರ ತಲೆಗೆ ಕಟ್ಟಿದರೆ ಸತ್ತವರು ಎದ್ದು ಬಂದು ಅಲ್ಲ ಅನ್ನುವುದಿಲ್ಲವಲ್ಲ! ಅಕ್ಕ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳು ಅಳಲಿಲ್ಲ. ಕಣ್ಣೊರೆಸಿಕೊಂಡು ಎದ್ದು ಮಕ್ಕಳಿಗೆ ಊಟ ಹಾಕಲು ಹೋದಳು.

ಅವತ್ತಿನಿಂದ ಗಂಡನ ಫೋಟೋ ಟ್ರಂಕಿನ ತಳ ಸೇರಿತು. ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಹಾಸಿಗೆ ಬಟ್ಟೆ ಒಗೆದಳು, ಮಡಚಿದಳು, ಕೈಬೆರಳು ಸೊಟ್ಟಗಾದವು. ಮಕ್ಕಳು ಅಪ್ಪನ ಮಾತೆತ್ತಿದರೆ, "ಒಂದು ಸಹಿ ಹಾಕೋಕೆ ಕೈ ಬರ್ಲಿಲ್ಲ ನಿಮ್ಮಪ್ಪಂಗೆ" ಅನ್ನುವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಏಜೆಂಟ ಮಕ್ಕಳ ಫೀಸು ಕಟ್ಟಿದ, ದೊಡ್ಡವಳನ್ನು ನರ್ಸಿಂಗ್ ಓದಿಸಿದ, ಚಿಕ್ಕವಳ ಮದುವೆ ಮಾಡಿದ. "ಗಂಡ ಕೈಬಿಟ್ಟ, ತಮ್ಮ ಕೈಹಿಡಿದ" ಅಂತ ಅಕ್ಕ ಬಂದವರಿಗೆಲ್ಲ ಹೇಳುವಳು. ಕೂತು ಕೇಳುವುದೇ ಅವನಿಗೆ ಶಿಕ್ಷೆಯಾಗಿತ್ತು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಆ ಮಾತನ್ನು ಅವನು ಮತ್ತೆ ಯಾರೆದುರೂ ಆಡಲಿಲ್ಲ. ಗಿರಾಕಿಯ ಕೈಗೆ ಪೆನ್ನು ಕೊಟ್ಟ ಮೇಲೆ ಕೆಮ್ಮು ಬಂದರೂ ನುಂಗಿಕೊಂಡ. ಒಳ್ಳೆಯ ಏಜೆಂಟ ಅಂತ ಹೆಸರು ಬಂತು.

ಸಿನಿಮಾ ಇದ್ದದ್ದು ಗ್ರಂಥಾಲಯದ ಕೆಳಮಹಡಿಯ ಸಭಾಂಗಣದಲ್ಲಿ. ಮಡಚುವ ಕುರ್ಚಿಗಳು, ಗೋಡೆಗೆ ಬಿಳಿ ಪರದೆ, ಬಾಗಿಲ ಬಳಿ ಹಳೆಯ ಫೋಟೋಗಳ ಮೇಜು. ಅಕ್ಕ ಮೊದಲೇ ಬಂದಿದ್ದಳು. ಮಗಳ ತೋಳು ಹಿಡಿದು ಒಂದು ಕಪ್ಪುಬಿಳುಪು ಫೋಟೋದ ಮೇಲೆ ಬಗ್ಗಿದ್ದಳು. ಥಿಯೇಟರಿನ ಮುಂಭಾಗ, ಅದರ ಮೇಲೆ ಬ್ಯಾನರ್, ಬಲಮೂಲೆಯಲ್ಲಿ ಉಗುರಿನಷ್ಟು ದೊಡ್ಡ ಮುಖವೊಂದು.

"ಇದು ನೀನೇ ಅಲ್ವೇನೋ?" ಅಂದಳು. "ಮೂಗು ಉದ್ದ ಬರ್ದಿದಾರೆ. ಅವ್ರಿಗೆ ಮೂಗು ಯಾವತ್ತೂ ಸರಿ ಬರ್ತಿರ್ಲಿಲ್ಲ." ಅವಳ ಸೊಟ್ಟ ಬೆರಳು ಫೋಟೋದ ಮೇಲೆ ಬಹಳ ಹೊತ್ತು ಇತ್ತು.

ದೀಪ ಆರಿತು. ಏಜೆಂಟ ಅಕ್ಕನ ಪಕ್ಕ ಕೂತು ಪರದೆಯನ್ನು ಬಿಟ್ಟು ಅವಳನ್ನೇ ನೋಡಿದ. ಎಣ್ಣೆ ಮೆಟ್ಟಿಲಿಗೆ ಅವಳು ಸೆರಗು ಬಾಯಿಗಿಟ್ಟುಕೊಂಡಳು. ನಿದ್ದೆಮಾತ್ರೆಗೆ ಗಟ್ಟಿಯಾಗಿ ನಕ್ಕಳು. ಪರದೆಯ ಮೇಲೆ ಮೂವತ್ತೊಂದರ ಏಜೆಂಟ ಬಂದು, ಪೆನ್ನು ಕಿತ್ತುಕೊಂಡು, ಜಾಡಿಸಿ, ಆ ಮಾತು ಹೇಳುವಾಗ ಇಡೀ ಸಭಾಂಗಣ ಅವನ ಜೊತೆಗೇ ಹೇಳಿತು. ಅಕ್ಕ ನಗುತ್ತ ನಗುತ್ತ ಕಣ್ಣೊರೆಸಿಕೊಂಡು ಅವನ ಕಿವಿಯ ಹತ್ತಿರ ಬಗ್ಗಿದಳು.

"ಥೇಟ್ ಹೀಗೇ ಮಾಡಿ ತೋರಿಸ್ತಿದ್ರು ಕಣೋ. ಊಟಕ್ಕೆ ಕೂತ್ರೆ ಸಾಕು, ಸೌಟು ಕಿತ್ಕೊಂಡು ಜಾಡಿಸೋರು. ಮಕ್ಕಳು ಬಿದ್ದು ಬಿದ್ದು ನಗ್ತಿದ್ವು." ಪರದೆಯ ಮೇಲೆ ಬಾಡಿಗೆದಾರ ನಾಲಿಗೆ ಕಚ್ಚಿಕೊಂಡು ಸಹಿ ಹಾಕುತ್ತಿದ್ದ. ಅಕ್ಕನ ನಗು ಅಲ್ಲಿಗೆ ನಿಂತಿತು. "ನೋಡು, ಈ ಪೆದ್ದನೂ ಹಾಕ್ದ. ನಮ್ಮನೆಯವ್ರಿಗೆ ಮಾತ್ರ ಕೈ ಬರ್ಲಿಲ್ಲ."

ಏಜೆಂಟನ ಕೈ ಜೇಬಿನ ಮೇಲೆ ಹೋಯಿತು. ತೆಗೆಯಲಾಗಲಿಲ್ಲ.

ಸಿನಿಮಾ ಮುಗಿದ ಮೇಲೆ ಅವನನ್ನು ವೇದಿಕೆಗೆ ಕರೆದು, ಹೂಗುಚ್ಛ ಕೊಟ್ಟು, ಕೈಗೊಂದು ಪೆನ್ನಿಟ್ಟು, ಆ ಮಾತು ಹೇಳಿ ಅಂದರು. ಎದುರಿಗೆ ಎಂಬತ್ತು ಮುಖಗಳು. ಮೂರನೆಯ ಸಾಲಿನಲ್ಲಿ ಅಕ್ಕ.

"ಪೆನ್ನು ಕೊಟ್ಟ ಮೇಲೆ ನಾನು ಸುಮ್ನಿರ್ಬೇಕಾಗಿತ್ತು" ಅಂದ.

ಜನ ನಕ್ಕರು. ಇದೂ ಅಭಿನಯವೆಂದುಕೊಂಡರು.

"ಸಹಿ ಮಾಡಿಸ್ಬೇಕಾಗಿತ್ತು ನಾನು. ಮಾತಾಡ್ಬಾರ್ದಾಗಿತ್ತು."

ಇನ್ನೂ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು. ನಗದೆ ಕೂತವಳು ಅಕ್ಕ ಒಬ್ಬಳೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ. ಒಂದು ಸಲ ವಿದೂಷಕನಾದವನು ಎದೆ ಬಗೆದು ತೋರಿಸಿದರೂ ಜನ ಶಿಳ್ಳೆ ಹಾಕುತ್ತಾರೆ.

ಮಗಳಿಗೆ ರಾತ್ರಿ ಪಾಳಿಯ ಡ್ಯೂಟಿ ಇತ್ತು. ಅಮ್ಮನನ್ನು ಮಾವನಿಗೆ ಒಪ್ಪಿಸಿ ಆಸ್ಪತ್ರೆಗೆ ಹೋದಳು. ಇಬ್ಬರೂ ಆಟೋದಲ್ಲಿ ಅಕ್ಕನ ಮನೆಗೆ ಹೊರಟರು. ಮನೆ ತಲುಪಿ, ಕುರ್ಚಿಯಲ್ಲಿ ಕೂತು, ಮೊಣಕಾಲು ನೀವಿಕೊಳ್ಳುತ್ತ ಅಕ್ಕ ಕೇಳಿದಳು.

"ಅಲ್ಲಿ ನಿಂತ್ಕೊಂಡು ಯಾರಿಗೆ ಹೇಳ್ದೆ ಅದನ್ನ?"

ಏಜೆಂಟ ಕವರು ತೆಗೆದು ಅವಳ ಮಡಿಲಲ್ಲಿಟ್ಟ. ಕಾಗದ ಮಡಿಕೆಗಳಲ್ಲಿ ಹರಿಯುವಂತಾಗಿತ್ತು. ಹೆಸರು, ವಯಸ್ಸು, ಎತ್ತರ, ತೂಕ, ಉದ್ಯೋಗ, ಎಲ್ಲ ಅವನ ಕೈಬರಹದಲ್ಲೇ. ಹಣ ಯಾರಿಗೆ ಸೇರಬೇಕು ಎಂಬಲ್ಲಿ ಅಕ್ಕನ ಹೆಸರು. ಕೆಳಗೆ ಪೆನ್ಸಿಲ್ ಗುರುತು, ಗುರುತಿನ ಮೇಲೆ ಶಾಯಿಯ ಒಂದು ಚುಕ್ಕೆ.

"ಭಾವ ಬೇಡ ಅನ್ಲಿಲ್ಲ ಅಕ್ಕ. ನಾನು ಸುಳ್ಳು ಹೇಳ್ದೆ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಬಣ್ಣದ ಡಬ್ಬಿ, ಬಡಗಿ, ಕಾರಿನ ಹಾರನ್ನು, ನಾಳೆ ಬರ್ತೀನಿ ಅಂದದ್ದು. ಮುಗಿದ ಮೇಲೆ, ಬಯ್ಯುತ್ತಾಳೆ, ಹೊಡೆಯುತ್ತಾಳೆ, ಲಾಂಡ್ರಿಯ ಇಪ್ಪತ್ತೆರಡು ವರ್ಷದ ಲೆಕ್ಕ ಕೇಳುತ್ತಾಳೆ ಅಂತ ಅವನು ತಲೆ ತಗ್ಗಿಸಿ ಕಾದ.

"ಪೆನ್ನು ಕೈಲಿ ಹಿಡ್ಕೊಂಡಿದ್ರಾ?"

"ಹಿಡ್ಕೊಂಡಿದ್ರು. ಈ ಚುಕ್ಕೆ ಅವ್ರು ಊರಿದ್ದೇ."

"ಕೈ ತೊಳ್ಕೊಂಡಿದ್ರಾ?"

"ಸೀಮೆಎಣ್ಣೇಲಿ. ಮೂರು ಸಲ."

ಅಕ್ಕ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಎಲ್ಲೂ ಬಣ್ಣದ ಕಲೆ ಇರಲಿಲ್ಲ.

"ಊಟಕ್ಕೆ ಕೂರೋಕೆ ಮುಂಚೆ ಕೈ ತೊಳ್ಕೊಳ್ಳಿ ಅಂತ ದಿನಾ ನಾನು ಬಾಯಿ ಬಡ್ಕೋಬೇಕಾಗಿತ್ತು" ಅಂದಳು. "ಇದಕ್ಕೆ ಯಾರೂ ಹೇಳ್ದೇನೇ ಮೂರು ಸಲ ತೊಳ್ಕೊಂಡ್ರಾ?"

"ಅಕ್ಕ, ನನ್ನಿಂದ ನಿಂಗೆ ಬರ್ಬೇಕಾಗಿದ್ದ ದುಡ್ಡು..."

"ದುಡ್ಡು ಹಾಳಾಗ್ಲಿ ಬಿಡೋ. ದುಡಿದೆ, ತಿಂದ್ವಿ, ಆಯ್ತು." ಅವಳು ಕಾಗದವನ್ನು ಮತ್ತೆ ಮಡಿಲಿಗಿಟ್ಟಳು. "ನಲವತ್ತೊಂದು ವರ್ಷ ನಾನು ಅವ್ರ ಜೊತೆ ಮಾತು ಬಿಟ್ಟಿದ್ನಲ್ಲೋ. ಅದನ್ನ ಯಾರು ವಾಪಸ್ ಕೊಡ್ತಾರೆ? ನೀನು ಕೊಡ್ತೀಯಾ?"

ಜೀವಮಾನವಿಡೀ ಸಾವಿಗೆ ಪರಿಹಾರ ಕೊಡಿಸಿದವನು ಏಜೆಂಟ. ಇದಕ್ಕೆ ಯಾವ ಫಾರಂ ತುಂಬಬೇಕೆಂದು ಅವನಿಗೆ ತಿಳಿಯಲಿಲ್ಲ. ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತು ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಡಲಿಲ್ಲ, ದೂರಕ್ಕೆ ನೂಕಲೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗೋಡೆ ಹಿಡಿದು ಎದ್ದಳು. ಕಾಗದ ಹಿಡಿದುಕೊಂಡು ಒಳಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಬಟ್ಟೆಗಳನ್ನು ಒಂದೊಂದೇ ತೆಗೆದು ಮಂಚದ ಮೇಲೆ ಹಾಕುವ ಸದ್ದು ಬಹಳ ಹೊತ್ತು ಕೇಳಿಸಿತು, ಆಮೇಲೆ ನಿಂತಿತು. ಏಜೆಂಟ ಕಾದ. ಕರೆದಾಳೆಂದು ಕಾದ.

ಒಳಗೆ ಅಕ್ಕ ಮಾತಾಡತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಜಗಳದ ದನಿಯಲ್ಲಿ, ಹೊಸದಾಗಿ ಮದುವೆಯಾದವರು ಜಗಳವಾಡುವ ಹಾಗೆ. "ನೀವಾದ್ರೂ ಒಂದು ದಿನ ಕನಸಲ್ಲಿ ಬಂದು ಹೇಳ್ಬಾರ್ದಾಗಿತ್ತಾ?" ಅನ್ನುವುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಉಳಿದದ್ದು ಅಳುವಿನಲ್ಲಿ ಕಲಸಿಹೋಯಿತು.

ಅದು ತಾನು ಕೇಳಬೇಕಾದ ಮಾತಲ್ಲವೆಂದು ಏಜೆಂಟನಿಗೆ ಗೊತ್ತಾಯಿತು. ವೇದಿಕೆಯಲ್ಲಿ ಕೊಟ್ಟ ಪೆನ್ನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಏನೂ ಮಾತಾಡದೆ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟ.